ರೆಡಿಂಗ್‌ನಿಂದ ಮೂರು ದಿನದ ಗ್ರಾವೆಲ್ ಸವಾರಿ: ಯಾವ ದಾರಿ, ಯಾವ ಕಾಲ?

ಪ್ರಶ್ನೆ: ನಾನು ದಾವಣಗೆರೆಯವನು. ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೇನೆ. ಹೋದ ಬೇಸಿಗೆಯಲ್ಲಿ ಗ್ರಾವೆಲ್ ಬೈಕ್ (ಮಣ್ಣು, ಜಲ್ಲಿ ದಾರಿಗೂ ಆಗುವ ಸೈಕಲ್) ಕೊಂಡೆ. ವಾರದ ಕೊನೆಯಲ್ಲಿ 30–40 ಕಿ.ಮೀ. ಓಡಿಸುತ್ತೇನೆ. ಒಂದು ಸಲ ಫೋನಿನ ಆಪ್ ತೋರಿಸಿದ ದಾರಿ ಹಿಡಿದು ಥೇಮ್ಸ್ ಪಕ್ಕದ ಹೊಲಗಳ ನಡುವೆ ಹೋಗುತ್ತಿದ್ದೆ. ಜಮೀನಿನವರೊಬ್ಬರು ತಡೆದು, ಇಲ್ಲಿ ಸೈಕಲ್ ತರುವ ಹಾಗಿಲ್ಲ, ಇಳಿದು ವಾಪಸ್ ಹೋಗಿ ಎಂದು ಜೋರಾಗಿಯೇ ಹೇಳಿದರು. ಅವತ್ತಿನಿಂದ ಟಾರು ರಸ್ತೆ ಬಿಟ್ಟು ಇಳಿಯಲು ಧೈರ್ಯವಿಲ್ಲ. ಇದು ಪೊಲೀಸ್ ಕೇಸ್ ಆಗುತ್ತದಾ? ವೀಸಾಕ್ಕೆ ತೊಂದರೆಯಾಗುತ್ತದಾ? ಈಸ್ಟರ್ ರಜೆಗೆ ನನ್ನ ಭಾವಮೈದುನ ಬರುತ್ತಿದ್ದಾನೆ. ಇಬ್ಬರೂ ಸೇರಿ ಮೂರು ದಿನ ಹಳ್ಳಿಗಾಡಿನಲ್ಲಿ ಸುತ್ತುವ ಆಸೆ. ಒಬ್ಬ ಗೆಳೆಯ ‘ಕಿಂಗ್ ಆಲ್ಫ್ರೆಡ್ಸ್ ವೇ’ ಮಾಡು ಅನ್ನುತ್ತಾನೆ. ಇನ್ನೊಬ್ಬ, ಕಾಲುವೆ ದಡವೇ ಸೇಫ್, ಗುಡ್ಡದ ಕಡೆ ಹೋಗಬೇಡ ಅನ್ನುತ್ತಾನೆ. ಇಂಗ್ಲೆಂಡ್ ಹೆಚ್ಚುಕಡಿಮೆ ಸಮತಟ್ಟೇ ಅಲ್ವಾ? ನಾವು ಯಾವ ದಾರಿ ಹಿಡಿಯಬೇಕು, ಟೈರ್ ಯಾವುದಿರಬೇಕು, ದಯವಿಟ್ಟು ತಿಳಿಸಿ.

ಉತ್ತರ: ಮೊದಲು ನಿಮ್ಮ ಭಯದ ವಿಷಯ. ನಾನು ದಕ್ಷಿಣ ಇಂಗ್ಲೆಂಡಿನಲ್ಲಿ ಸೈಕಲ್ ಸವಾರಿಗಳನ್ನು ನಡೆಸುವವನು, ವಕೀಲನಲ್ಲ. ಆದರೆ ಈ ಒಂದು ಪ್ರಶ್ನೆಯನ್ನು ನಮ್ಮ ಕಡೆಯಿಂದ ಬಂದವರು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಹೊಲದ ನಡುವಿನ ಫುಟ್‌ಪಾತ್ ಮೇಲೆ ಮಾಲೀಕರ ಒಪ್ಪಿಗೆಯಿಲ್ಲದೆ ಸೈಕಲ್ ಓಡಿಸುವುದು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಿವಿಲ್ ವಿಷಯ, ಕ್ರಿಮಿನಲ್ ಅಪರಾಧ ಅಲ್ಲ. ಮಾಲೀಕರು ಹೊರಗೆ ಹೋಗಿ ಎಂದು ಹೇಳಬಹುದು. ನೀವು ಕ್ಷಮಿಸಿ ಎಂದು ಇಳಿದು, ಸೈಕಲ್ ತಳ್ಳಿಕೊಂಡು ಹೊರಗೆ ಬಂದರೆ ಅಲ್ಲಿಗೆ ಮುಗಿಯಿತು. ನೀವು ಮಾಡಿದ್ದೂ ಅದನ್ನೇ. ಆ ಒಂದು ಘಟನೆಯಿಂದ ವೀಸಾಕ್ಕೆ ಏನೂ ಆಗುವುದಿಲ್ಲ, ನಿಶ್ಚಿಂತೆಯಿಂದಿರಿ. ಅಪವಾದಗಳೂ ಇವೆ, ಅವನ್ನು ಗೊತ್ತುಮಾಡಿಕೊಳ್ಳಿ. ರೈಲು ಹಳಿಯ ಜಾಗ, ಸೇನೆಯ ನೆಲ, ಸ್ಥಳೀಯ ಬೈಲಾ ಇರುವ ಕೆಲವು ಉದ್ಯಾನ ಮತ್ತು ಬಯಲುಗಳಲ್ಲಿ ಮಾತು ಬೇರೆ. ಇನ್ನು ಊರೊಳಗೆ ರಸ್ತೆ ಪಕ್ಕದ ಪಾದಚಾರಿ ಕಟ್ಟೆಯ ಮೇಲೆ ಸೈಕಲ್ ಓಡಿಸುವುದು 1835ರ ಹೈವೇ ಕಾಯ್ದೆಯ ಪ್ರಕಾರ ಅಪರಾಧವೇ. ನಮ್ಮವರು ಯಾವುದನ್ನು ಏನೂ ಅಲ್ಲ ಅಂದುಕೊಳ್ಳುತ್ತೇವೋ ಅದಕ್ಕೇ ಇಲ್ಲಿ ದಂಡ ಬೀಳುವುದು.

ಹಾಗಾದರೆ ಆಪ್ ನಿಮ್ಮನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋಯಿತು? ನೆಲದ ಮೇಲೆ ದಾರಿ ಇದೆಯೋ ಇಲ್ಲವೋ ಅನ್ನುವುದು ಆಪ್‌ಗೆ ಗೊತ್ತು. ಅಲ್ಲಿ ಯಾರಿಗೆ ಹಕ್ಕಿದೆ ಅನ್ನುವುದು ಎಲ್ಲ ಕಡೆ ಸರಿಯಾಗಿ ಗೊತ್ತಿರುವುದಿಲ್ಲ. ಇಂಗ್ಲೆಂಡಿನಲ್ಲಿ ಜನರಿಗೆ ಓಡಾಡುವ ಹಕ್ಕಿರುವ ಹಳ್ಳಿಗಾಡಿನ ಪ್ರತಿಯೊಂದು ದಾರಿಗೂ ಒಂದು ಕಾನೂನಿನ ದರ್ಜೆ ಇದೆ. 1949ರ ಕಾಯ್ದೆಯಿಂದ ಶುರುವಾದ ದಾಖಲೆ ಅದು, ಸ್ಥಳೀಯ ಕೌನ್ಸಿಲ್ ಇಟ್ಟುಕೊಂಡಿರುತ್ತದೆ. ಫುಟ್‌ಪಾತ್ ನಡೆಯುವವರಿಗೆ ಮಾತ್ರ. ಬ್ರೈಡಲ್‌ವೇ ನಡೆಯುವವರಿಗೆ, ಕುದುರೆಯವರಿಗೆ, 1968ರ ಕಂಟ್ರಿಸೈಡ್ ಕಾಯ್ದೆ ಬಂದ ಮೇಲೆ ಸೈಕಲ್‌ನವರಿಗೂ. ಮೋಟಾರು ವಾಹನಕ್ಕೂ ಹಕ್ಕಿರುವ ಬೈವೇ ಮತ್ತು ಅದಕ್ಕೆ ಹಕ್ಕಿಲ್ಲದ ರಿಸ್ಟ್ರಿಕ್ಟೆಡ್ ಬೈವೇಗಳಲ್ಲೂ ಸೈಕಲ್ ಹೋಗಬಹುದು. ಇವನ್ನೆಲ್ಲ ಒಟ್ಟು ಸೇರಿಸಿದರೂ ಸೈಕಲ್‌ಗೆ ತೆರೆದಿರುವುದು ಹಕ್ಕಿನ ದಾರಿಗಳಲ್ಲಿ ಐದರಲ್ಲಿ ಸುಮಾರು ಒಂದು ಪಾಲು ಮಾತ್ರ. ಪಕ್ಕದ ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯ ನಂತರ, ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲ ಕಡೆ ಸೈಕಲ್ ಒಯ್ಯಬಹುದು. ಅಲ್ಲಿ ಸವಾರಿ ಮಾಡಿದವರ ವಿಡಿಯೊ ನೋಡಿ ಇಲ್ಲೂ ಹಾಗೇ ಅಂದುಕೊಂಡು ಬರುವವರು ತುಂಬ ಜನ. ನನಗೆ ಇಲ್ಲಿನ ನಿಯಮ ಅನ್ಯಾಯ ಅಂತಲೇ ಅನಿಸುತ್ತದೆ. ಒಳ್ಳೆಯ, ಅಗಲವಾದ ದಾರಿ ಫುಟ್‌ಪಾತ್ ಆಗಿರುತ್ತದೆ, ಪಕ್ಕದ ಕೊಚ್ಚೆ ಬ್ರೈಡಲ್‌ವೇ ಆಗಿರುತ್ತದೆ. ಆದರೆ ನಿಯಮ ಇರುವವರೆಗೆ ಅದನ್ನು ಪಾಲಿಸಿಯೇ ಸವಾರಿ ಮಾಡಬೇಕು. ನಾವು ತಪ್ಪು ದಾರಿಯಲ್ಲಿ ಹೋದರೆ ಮುಂದಿನ ಸೈಕಲ್‌ನವರ ಮೇಲೆ ಆ ರೈತ ಇನ್ನೂ ಜಾಸ್ತಿ ಕೂಗುತ್ತಾನೆ.

ಗುರುತಿಸುವುದು ಸುಲಭ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಫುಟ್‌ಪಾತ್, ನೀಲಿ ಇದ್ದರೆ ಬ್ರೈಡಲ್‌ವೇ, ನೇರಳೆ ರಿಸ್ಟ್ರಿಕ್ಟೆಡ್ ಬೈವೇ, ಕೆಂಪು ಬೈವೇ. ಹಳದಿ ಒಂದೇ ಇದ್ದರೆ ಇಳಿಯಿರಿ. ಮನೆಯಲ್ಲೇ ನೋಡಬೇಕೆಂದರೆ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆ ತೆಗೆಯಿರಿ. ಅದರಲ್ಲಿ ಹಸಿರು ಸಣ್ಣ ಗೀಟುಗಳು ಫುಟ್‌ಪಾತ್, ಹಸಿರು ಉದ್ದ ಗೀಟುಗಳು ಬ್ರೈಡಲ್‌ವೇ, ಹಸಿರು ಕೂಡಿಸುವ ಚಿಹ್ನೆಗಳ ಸಾಲು ಬೈವೇ. ಕಪ್ಪು ಗೀಟುಗಳಿಗೆ ಮೋಸಹೋಗಬೇಡಿ. ಅಲ್ಲಿ ದಾರಿ ಇದೆ ಅಂತಷ್ಟೇ ಅದರ ಅರ್ಥ, ಹಕ್ಕಿದೆ ಅಂತಲ್ಲ. ಥೇಮ್ಸ್ ಪಕ್ಕದ ‘ಥೇಮ್ಸ್ ಪಾತ್’ ಎಷ್ಟೇ ಹೆಸರುವಾಸಿಯಾದರೂ ಬಹುಪಾಲು ಫುಟ್‌ಪಾತ್. ನೀವು ಸಿಕ್ಕಿಬಿದ್ದಿದ್ದು ಬಹುಶಃ ಅಲ್ಲೇ.

ಇನ್ನೊಂದು ಮಾತು. 1968ರ ಕಾಯ್ದೆ ಬ್ರೈಡಲ್‌ವೇ ಮೇಲೆ ಸೈಕಲ್‌ಗೆ ಹಕ್ಕು ಕೊಟ್ಟಿತು, ಆದರೆ ಅದನ್ನು ಸೈಕಲ್‌ಗೆ ತಕ್ಕಂತೆ ರಿಪೇರಿ ಮಾಡುವ ಹೊಣೆಯನ್ನು ಯಾರ ಮೇಲೂ ಹಾಕಲಿಲ್ಲ. ಹಾಗಾಗಿ ನಕ್ಷೆಯಲ್ಲಿ ಹಸಿರು ಗೀಟು ಚೆನ್ನಾಗಿದೆ ಅಂದ ಮಾತ್ರಕ್ಕೆ ನೆಲವೂ ಚೆನ್ನಾಗಿರುತ್ತದೆ ಅಂತಿಲ್ಲ. ಮೂರು ದಿನದ ಸವಾರಿ ಸುಖವಾಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುವುದು ನಿಮ್ಮ ಸೈಕಲ್ ಅಲ್ಲ, ದೂರವೂ ಅಲ್ಲ. ಕಾಲಡಿಯ ಮಣ್ಣು. ಆ ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ಆಪ್ ಕೂಡ ಹೇಳುವುದಿಲ್ಲ.

ರೆಡಿಂಗ್‌ನ ಪಶ್ಚಿಮಕ್ಕೆ ಬರ್ಕ್‌ಶೈರ್, ವಿಲ್ಟ್‌ಶೈರ್ ಕಡೆಯ ಗುಡ್ಡಗಳೆಲ್ಲ ಚಾಕ್, ಅಂದರೆ ಮೆತ್ತನೆಯ ಬಿಳಿ ಸುಣ್ಣಕಲ್ಲು. ಡೈನೊಸಾರ್‌ಗಳ ಕೊನೆಯ ಕಾಲದಲ್ಲಿ ಸಮುದ್ರದ ತಳದಲ್ಲಿ ಸೂಕ್ಷ್ಮ ಜೀವಿಗಳ ಚಿಪ್ಪು ಬಿದ್ದು ಬಿದ್ದು ಆದ ಕಲ್ಲು ಅದು. ಅದರೊಳಗೆ ಅಲ್ಲಲ್ಲಿ ಫ್ಲಿಂಟ್, ನಮ್ಮ ಚಕಮಕಿ ಕಲ್ಲು, ಗಡ್ಡೆಗಡ್ಡೆಯಾಗಿ ಕೂತಿದೆ. ಚಾಕ್ ನೀರನ್ನು ಹೀರಿಕೊಂಡು ಕೆಳಗೆ ಬಿಡುತ್ತದೆ. ಅದಕ್ಕೇ ಗುಡ್ಡದ ಬೆನ್ನಿನ ಮೇಲೆ ಹೊಳೆಯೂ ಇಲ್ಲ, ಊರೂ ಇಲ್ಲ. ನೀರು ಬುಡದಲ್ಲಿ ಊಟೆಯಾಗಿ ಹೊರಗೆ ಬರುತ್ತದೆ, ಊರುಗಳೆಲ್ಲ ಅಲ್ಲಿ ಸಾಲಾಗಿ ಕೂತಿವೆ. ಮೇಲೆ ಸವಾರಿ ಮಾಡುವಾಗ ನೀರು, ಊಟ, ಹಾಸಿಗೆ ಏನು ಬೇಕಾದರೂ ಕೆಳಗಿಳಿಯಬೇಕು, ಮತ್ತೆ ಹತ್ತಬೇಕು. ಇಂಗ್ಲೆಂಡ್ ಸಮತಟ್ಟು ಅನ್ನುವ ಮಾತು ಇಲ್ಲಿ ಸುಳ್ಳಾಗುತ್ತದೆ. ಗುಡ್ಡಗಳು ದೊಡ್ಡವಲ್ಲ, 250 ಮೀಟರ್ ಆಸುಪಾಸು. ಆದರೆ ಪದೇಪದೇ ಬರುತ್ತವೆ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ಗೆ ಹೋಗುವ 160 ಕಿ.ಮೀ. ಸೌತ್ ಡೌನ್ಸ್ ವೇ ನೋಡಿ. ಮಿಯಾನ್, ಅರುನ್, ಅಡುರ್, ಔಸ್, ಕಕ್‌ಮಿಯರ್ ನದಿಗಳು ಆ ಗುಡ್ಡದ ಸಾಲನ್ನು ಕೊರೆದುಕೊಂಡು ಸಮುದ್ರಕ್ಕೆ ಹೋಗಿವೆ. ಒಂದೊಂದು ಕಣಿವೆಗೂ ತಳದವರೆಗೆ ಇಳಿದು, ಮತ್ತೆ 200 ಮೀಟರ್‌ನಷ್ಟು ಹತ್ತಬೇಕು. ಒಟ್ಟು ಏರು ಸುಮಾರು 3,800 ಮೀಟರ್.

ಒಣಗಿದ ಚಾಕ್ ಮೇಲೆ ಗ್ರಾವೆಲ್ ಬೈಕ್ ಓಡಿಸುವುದು ಬಹಳ ಸುಖ. ಗಟ್ಟಿ, ಬಿಳಿ, ವೇಗದ ನೆಲ. ಮೇಲೆ ಒಂದು ಮಳೆ ಬಿದ್ದರೆ ಅದೇ ನೆಲ ಪೇಸ್ಟ್ ಆಗುತ್ತದೆ. ಟೈರ್ ಹಿಡಿಯುವುದೇ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾರಿತು ಅಂದರೆ ಮಣಿಕಟ್ಟು ಹೋಯಿತು ಅಂತಲೇ ಲೆಕ್ಕ. ಹಸಿಯಾದಾಗ ಫ್ಲಿಂಟ್ ಚೂರುಗಳು ರಬ್ಬರನ್ನು ಇನ್ನೂ ಸಲೀಸಾಗಿ ಸೀಳುತ್ತವೆ. ಆದರೂ ಬಯಲಿನ ಚಾಕ್ ಎರಡು ಮೂರು ದಿನ ಗಾಳಿ ಬಿಸಿಲು ಬಿದ್ದರೆ ಒಣಗುತ್ತದೆ. ನಿಜವಾದ ಕಷ್ಟ ಜೇಡಿಮಣ್ಣಿನದು. ಕೆಲವು ಗುಡ್ಡದ ತಲೆಯ ಮೇಲೆ, ಮರಗಳ ಕೆಳಗೆ ಮತ್ತು ಕಣಿವೆಯ ತಳದಲ್ಲಿ ಅದು ಇರುತ್ತದೆ. ನಿಮ್ಮ ದಾವಣಗೆರೆ ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಗಾಡಿ ಹೂತುಹೋಗುವುದನ್ನು ನೋಡಿದ್ದೀರಲ್ಲ, ಹಾಗೇ ಇದೂ. ಚಕ್ರಕ್ಕೂ ಚೌಕಟ್ಟಿಗೂ ನಡುವೆ ತುಂಬಿಕೊಂಡು ಸೈಕಲ್ ತಳ್ಳುವುದಕ್ಕೂ ಆಗುವುದಿಲ್ಲ, ಹೊತ್ತುಕೊಂಡು ಹೋಗಬೇಕು.

ಈಗ ನಿಮಗೆ ಇಷ್ಟವಾಗದ ಮಾತು. ಈಸ್ಟರ್ ಬೇಡ. ಅದು ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಬರುತ್ತದೆ. ಚಳಿಗಾಲದ ನೀರು ಇನ್ನೂ ನೆಲದಲ್ಲಿರುತ್ತದೆ. ಕುದುರೆ ಗೊರಸು, ಜೀಪು, ಟ್ರ್ಯಾಕ್ಟರ್ ತುಳಿದ ಗುಂಡಿಗಳು ಹಾಗೇ ಇರುತ್ತವೆ. ಮೇ ಕೊನೆಯ ಸೋಮವಾರ ಇಲ್ಲಿ ಬ್ಯಾಂಕ್ ರಜೆ, ಶನಿವಾರದಿಂದ ಸೇರಿಸಿದರೆ ಮೂರು ದಿನ ಸಿಗುತ್ತದೆ. ಆಗ ರಾತ್ರಿ 9ರ ಹತ್ತಿರದವರೆಗೂ ಬೆಳಕು. ಭಾವಮೈದುನನ ಟಿಕೆಟ್ ಬದಲಾಯಿಸಲು ಆಗುವುದಾದರೆ ಆ ಖರ್ಚು ದಂಡವಲ್ಲ ಅಂತ ನಾನು ಹೇಳುತ್ತೇನೆ. ಸೆಪ್ಟೆಂಬರ್ ಕೂಡ ಚೆನ್ನಾಗಿರುತ್ತದೆ, ಆದರೆ ಒಂದು ತೊಂದರೆ ಇದೆ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿಗಿಡ ಕತ್ತರಿಸುವ ಹಾಗಿಲ್ಲ. ಸೆಪ್ಟೆಂಬರ್ ಬಂದ ಕೂಡಲೇ ಯಂತ್ರ ತಂದು ಕತ್ತರಿಸುತ್ತಾರೆ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳೆಲ್ಲ ದಾರಿಯ ಮೇಲೆ ಬೀಳುತ್ತವೆ. ಆಗ ಟ್ಯೂಬ್ ಹಾಕಿಕೊಂಡು ಬಂದವರು ದಿನವಿಡೀ ಪಂಕ್ಚರ್ ಹಾಕುತ್ತಾ ಕೂರುತ್ತಾರೆ.

ಗೆಳೆಯರ ಎರಡು ಸಲಹೆಗಳ ವಿಷಯಕ್ಕೆ ಬರೋಣ. ಕಿಂಗ್ ಆಲ್ಫ್ರೆಡ್ಸ್ ವೇ ಅದ್ಭುತವಾದ ದಾರಿ. ಸೈಕ್ಲಿಂಗ್ ಯುಕೆ ಸಂಸ್ಥೆ 2020ರಲ್ಲಿ ಶುರುಮಾಡಿದ್ದು. ವಿಂಚೆಸ್ಟರ್‌ನಿಂದ ಹೊರಟು ಸ್ಟೋನ್‌ಹೆಂಜ್, ಏವ್‌ಬರಿ, ನಿಮ್ಮ ರೆಡಿಂಗ್, ಫಾರ್ನಮ್ ಮೂಲಕ ಸುತ್ತಿ ವಾಪಸ್ ವಿಂಚೆಸ್ಟರ್‌ಗೆ ಬರುವ 350 ಕಿ.ಮೀ. ವರ್ತುಲ. ಮಣ್ಣಿನ ದಾರಿಯಲ್ಲಿ ದಿನಕ್ಕೆ 115 ಕಿ.ಮೀ.ಗೂ ಜಾಸ್ತಿ, ಅದೂ ಗಂಟುಮೂಟೆ ಕಟ್ಟಿಕೊಂಡು. 30–40 ಕಿ.ಮೀ. ಅಭ್ಯಾಸದವರಿಗೆ ಇದು ಮೂರು ದಿನದ ಕೆಲಸವಲ್ಲ. ಎರಡನೇ ದಿನ ಮಧ್ಯಾಹ್ನಕ್ಕೆ ಮಂಡಿ ನೋವು, ಮೂರನೇ ದಿನ ರೈಲು, ಹೀಗೇ ಆಗುವುದನ್ನು ನೋಡಿದ್ದೇನೆ. ಐದಾರು ದಿನ ಇಟ್ಟುಕೊಂಡು ಮುಂದೆ ಯಾವತ್ತಾದರೂ ಮಾಡಿ. ಆ ದಾರಿಯಲ್ಲಿ ಸಿಗುವ ಸಾಲಿಸ್‌ಬರಿ ಪ್ಲೇನ್ ಎಂಬ ಬಯಲಿನಲ್ಲಿ ಸೇನೆ ಗುಂಡಿನ ಅಭ್ಯಾಸ ನಡೆಸುತ್ತದೆ, ಕೆಂಪು ಬಾವುಟ ಹಾರುತ್ತಿದ್ದರೆ ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಬಾರದು.

ಕಾಲುವೆ ದಡ ಪೂರ್ತಿ ಸೇಫ್ ಅನ್ನುವುದೂ ಅರ್ಧ ಸತ್ಯ. ರೆಡಿಂಗ್‌ನಿಂದ ಪಶ್ಚಿಮಕ್ಕೆ ಹೋಗುವ ಕೆನೆಟ್ ಅಂಡ್ ಏವನ್ ಕಾಲುವೆ 1810ರಲ್ಲಿ ಮುಗಿದದ್ದು. ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಡದ ಹಾದಿಯೇ ಟೋಪಾತ್. ಅಲ್ಲಿ ಏರಿಲ್ಲ, ಕಾರಿಲ್ಲ, ನಿಜ. ಆದರೆ ಸೇತುವೆಗಳ ಕೆಳಗೆ ಹಾದಿ ಕಿರಿದಾಗಿ, ತಗ್ಗಾಗಿ, ಆ ಕಡೆಯಿಂದ ಬರುವವರು ಕಾಣುವುದಿಲ್ಲ. ಹ್ಯಾಂಡಲ್ ಕಮಾನಿಗೆ ತಗುಲಿದರೆ ನೇರ ನೀರಿಗೆ. ಮೀನು ಹಿಡಿಯುವವರ ಉದ್ದದ ಗಾಳಗಳು ಅಡ್ಡ ಇರುತ್ತವೆ. ಕೆಲವು ಕಡೆ ಹಾದಿ ಅಂದರೆ ಹುಲ್ಲಿನ ನಡುವೆ ಒಂದು ಗೆರೆ ಅಷ್ಟೇ, ಜುಲೈ ಹೊತ್ತಿಗೆ ಎರಡೂ ಕಡೆ ತುರಿಕೆ ಗಿಡ. ಅದಕ್ಕೇ ರಾಷ್ಟ್ರೀಯ ಸೈಕಲ್ ಮಾರ್ಗ 4 ನ್ಯೂಬರಿ ದಾಟಿದ ಮೇಲೆ ಹಲವು ಕಡೆ ದಡ ಬಿಟ್ಟು ಹಳ್ಳಿ ರಸ್ತೆ ಹಿಡಿಯುತ್ತದೆ. ಟೋಪಾತ್ ಮೇಲೆ ನಡೆಯುವವರೇ ಮೊದಲು. ಗಂಟೆ ಹೊಡೆದು ಅವರನ್ನು ಸರಿಸುವುದಲ್ಲ, ನಾವು ನಿಧಾನ ಮಾಡಬೇಕು. ಸೇತುವೆ ಬಂದಾಗ ಇಳಿದು ತಳ್ಳಿ.

ನಿಮಗೆ ನಾನು ಹೇಳುವ ದಾರಿ ಇವೆರಡರ ನಡುವಿನದು. ಥೇಮ್ಸ್ ದಡದಿಂದ ಗುಡ್ಡದ ಬೆನ್ನೇರಿ ಕೆನೆಟ್ ನದಿ ಹುಟ್ಟುವ ಕಡೆಗೆ ಹೋಗುವುದು, ಆಮೇಲೆ ಅದೇ ನದಿಯ ಜೊತೆ ಇಳಿದು ರೆಡಿಂಗ್‌ಗೆ ಬರುವುದು. ಕೆನೆಟ್ ಥೇಮ್ಸ್‌ಗೆ ಸೇರುವುದು ನಿಮ್ಮ ಊರಿನಲ್ಲೇ ಅಲ್ವಾ.

ಮೊದಲ ದಿನ ರೆಡಿಂಗ್‌ನಿಂದ ಲೋಕಲ್ ರೈಲಿನಲ್ಲಿ ಗೋರಿಂಗ್ ಅಂಡ್ ಸ್ಟ್ರೀಟ್ಲಿಗೆ ಹೋಗಿ ಇಳಿಯಿರಿ. ಸೇತುವೆ ದಾಟಿದರೆ ಸ್ಟ್ರೀಟ್ಲಿ. ಅಲ್ಲಿಂದ ರಿಜ್‌ವೇ ಅನ್ನುವ ಗುಡ್ಡದ ಬೆನ್ನಿನ ದಾರಿ ಪಶ್ಚಿಮಕ್ಕೆ ಹೊರಡುತ್ತದೆ. ರಿಜ್‌ವೇ ಒಟ್ಟು 139 ಕಿ.ಮೀ., ಐವಿಂಗ್‌ಹೋ ಬೀಕನ್‌ನಿಂದ ಏವ್‌ಬರಿ ಬಳಿಯ ಓವರ್‌ಟನ್ ಹಿಲ್‌ವರೆಗೆ. ಅದರ ಪೂರ್ವ ಭಾಗದಲ್ಲಿ ಫುಟ್‌ಪಾತ್ ಜಾಸ್ತಿ, ಸೈಕಲ್‌ಗೆ ಆಗುವುದಿಲ್ಲ. ಸ್ಟ್ರೀಟ್ಲಿಯ ಪಶ್ಚಿಮಕ್ಕಿರುವ ಸುಮಾರು 70 ಕಿ.ಮೀ. ಮಾತ್ರ ಸೈಕಲ್‌ಗೆ ತೆರೆದಿದೆ. ಮೊದಲು ನಿಧಾನವಾದ ಉದ್ದ ಏರು. ಆಮೇಲೆ 200 ಮೀಟರ್ ಎತ್ತರದ ಬೆನ್ನಿನ ಮೇಲೆ ಅಗಲವಾದ ಹುಲ್ಲು ಮತ್ತು ಚಾಕ್ ದಾರಿ. ಬಲಕ್ಕೆ ಗುಡ್ಡ ಕಡಿದಾಗಿ ಇಳಿದು ಬಯಲು ಕಾಣುತ್ತದೆ, ಎಡಕ್ಕೆ ಮೆಲ್ಲಗೆ ಇಳಿಜಾರಾಗಿ ಗೋಧಿ ಹೊಲಗಳು. 25–30 ಕಿ.ಮೀ. ಆದ ಮೇಲೆ ವಾಂಟೇಜ್ ಪೇಟೆಗೆ ಇಳಿದು ಮಲಗಿ. ಕಿಂಗ್ ಆಲ್ಫ್ರೆಡ್ ಹುಟ್ಟಿದ ಊರು ಅದು. ಮೊದಲ ದಿನ ಕಡಿಮೆ ದೂರ ಇಟ್ಟಿದ್ದೇನೆ ಅಂತ ಬೇಜಾರು ಬೇಡ, ಮಣ್ಣಿನ 30 ಕಿ.ಮೀ. ಟಾರಿನ 50 ಇದ್ದ ಹಾಗೆ.

ಎರಡನೇ ದಿನ ಮತ್ತೆ ಹತ್ತಿ ಪಶ್ಚಿಮಕ್ಕೆ. ಇದೇ ಈ ಸವಾರಿಯ ಅತ್ಯುತ್ತಮ ದಿನ. ಗುಡ್ಡದ ಮೈಯಲ್ಲಿ ಚಾಕ್ ಕೆತ್ತಿ ಮಾಡಿದ ಸುಮಾರು 3,000 ವರ್ಷ ಹಳೆಯ ಅಫಿಂಗ್ಟನ್ ಬಿಳಿ ಕುದುರೆ, ಅದರಾಚೆ ಬೀಚ್ ಮರಗಳ ನಡುವೆ ವೇಲ್ಯಾಂಡ್ಸ್ ಸ್ಮಿಥಿ ಅನ್ನುವ ನವಶಿಲಾಯುಗದ ಸಮಾಧಿ, ಲಿಡಿಂಗ್ಟನ್ ಮತ್ತು ಬಾರ್ಬರಿಯ ಹಳೆಯ ಗುಡ್ಡಕೋಟೆಗಳು, ಕೊನೆಗೆ ಏವ್‌ಬರಿ. ಅಲ್ಲಿ ಕಲ್ಲಿನ ವರ್ತುಲದ ಒಳಗೇ ಊರಿದೆ. ವಾಂಟೇಜ್‌ನಿಂದ ಸುಮಾರು 45 ಕಿ.ಮೀ., ರಾತ್ರಿಗೆ ಮಾರ್ಲ್‌ಬರೋಗೆ ಬಂದರೆ ಇನ್ನೊಂದು ಹತ್ತು. ಕೆಲವು ಕಡೆ ಈ ದಾರಿ ಬೈವೇ ಆದ್ದರಿಂದ ಜೀಪು, ಮೋಟರ್‌ಬೈಕ್ ಬರುವ ಹಕ್ಕೂ ಇದೆ. ಅವುಗಳ ಗಾಲಿ ಕೊರೆದ ಜಾಡುಗಳು ಆಳವಾಗಿರುತ್ತವೆ. ಜಾಡಿನೊಳಗೆ ಚಕ್ರ ಬಿದ್ದರೆ ವೇಗದಲ್ಲಿ ಪಕ್ಕಕ್ಕೆ ಹತ್ತಿಸಲು ಹೋಗಬೇಡಿ, ಬೀಳುವುದು ಖಂಡಿತ. ನಿಧಾನ ಮಾಡಿ, ನಿಂತು, ಎತ್ತಿ ಹೊರಗಿಡಿ.

ಮೂರನೇ ದಿನ ಕೆನೆಟ್ ಜೊತೆ. ಮಾರ್ಲ್‌ಬರೋದಿಂದ ಆ್ಯಕ್ಸ್‌ಫರ್ಡ್ (Axford, ಹೆಸರುವಾಸಿ ಆಕ್ಸ್‌ಫರ್ಡ್ ಅಲ್ಲ) ಹಳ್ಳಿಯನ್ನೂ ರಾಮ್ಸ್‌ಬರಿಯನ್ನೂ ದಾಟಿ ಹಂಗರ್‌ಫೋರ್ಡ್‌ಗೆ ನದಿ ಪಕ್ಕದ ಸಣ್ಣ ಟಾರು ರಸ್ತೆ ಇದೆ. ಕೆನೆಟ್ ಚಾಕ್ ಊಟೆಯ ನೀರಿನ ನದಿ, ತಳದ ಕಲ್ಲು ಕಾಣುವಷ್ಟು ತಿಳಿ. ಹಂಗರ್‌ಫೋರ್ಡ್‌ನಿಂದ ಕಾಲುವೆ ದಡ ಮತ್ತು ಹಳ್ಳಿ ರಸ್ತೆ ಬೆರೆಸಿಕೊಂಡು ನ್ಯೂಬರಿ, ಥ್ಯಾಚಮ್, ರೆಡಿಂಗ್. ಒಟ್ಟು 60 ಕಿ.ಮೀ. ಮೇಲೆ, ಆದರೆ ಏರಿಲ್ಲ. ದೊಡ್ಡ ಅನುಕೂಲ ಏನೆಂದರೆ ಹಂಗರ್‌ಫೋರ್ಡ್, ಕಿಂಟ್‌ಬರಿ, ನ್ಯೂಬರಿ, ಥ್ಯಾಚಮ್, ಆಲ್ಡರ್‌ಮಾಸ್ಟನ್, ಥೀಲ್ ಎಲ್ಲ ಕಡೆ ರೈಲು ನಿಲ್ದಾಣ ಇದೆ. ಕಾಲು ಸೋತರೆ, ಮಳೆ ಹಿಡಿದರೆ ಹತ್ತಿ ಮನೆಗೆ ಬರಬಹುದು.

ಈ ಯೋಜನೆಯ ದೊಡ್ಡ ಅಪಾಯ ಗಾಳಿ. ಇಲ್ಲಿ ಗಾಳಿ ಸಾಮಾನ್ಯವಾಗಿ ನೈಋತ್ಯದಿಂದ. ರಿಜ್‌ವೇ ಮೇಲೆ ತಡೆಯುವ ಮರಗಳು ಕಡಿಮೆ, ಎದುರುಗಾಳಿ ಎರಡು ದಿನ ಮುಖಕ್ಕೇ ಹೊಡೆಯಬಹುದು. ಹವಾಮಾನ ನೋಡಿ, ಪಶ್ಚಿಮದ ಗಾಳಿ ಜೋರಿದ್ದರೆ ಪೂರ್ತಿ ತಿರುಗಿಸಿ: ಕಣಿವೆಯಲ್ಲಿ ಮರೆಯಲ್ಲಿ ಹೋಗಿ, ಗುಡ್ಡದ ಬೆನ್ನಿನ ಮೇಲೆ ಗಾಳಿ ಹಿಂದಿಟ್ಟುಕೊಂಡು ಬನ್ನಿ. ಹಾಗೆ ಮಾಡಿದರೆ ದಣಿದ ಮೇಲೆ ಗುಡ್ಡ ಬರುತ್ತದೆ, ರೈಲಿನ ಆಸರೆಯೂ ಕೊನೆಗೆ ಸಿಗುವುದಿಲ್ಲ. ಅದಕ್ಕೇ ಗಾಳಿ ಸಾಧಾರಣವಾಗಿದ್ದರೆ ನಾನು ಹೇಳಿದ ದಿಕ್ಕೇ ಮೇಲು. ಈಸ್ಟರ್‌ಗೇ ಹೋಗಬೇಕು, ಬೇರೆ ದಾರಿ ಇಲ್ಲ ಅಂದರೆ ಗುಡ್ಡ ಬಿಟ್ಟುಬಿಡಿ. ಕಣಿವೆಯ ಹಳ್ಳಿ ರಸ್ತೆಗಳಲ್ಲೇ ಮಾರ್ಲ್‌ಬರೋವರೆಗೆ ಹೋಗಿ, ಏವ್‌ಬರಿ ನೋಡಿ ಬನ್ನಿ.

ಟೈರ್ 40ರಿಂದ 45 ಮಿ.ಮೀ., ಟ್ಯೂಬ್‌ಲೆಸ್, ಒಳಗೆ ಹೊಸ ಸೀಲೆಂಟ್ (ತೂತು ಮುಚ್ಚುವ ದ್ರವ). ಹೋದ ವರ್ಷ ಹಾಕಿದ ಸೀಲೆಂಟ್ ಒಣಗಿರುತ್ತದೆ. 70 ಕೆ.ಜಿ. ಆಸುಪಾಸಿನವರಿಗೆ 30–35 ಪಿಎಸ್‌ಐ ಸಾಕು, ಜಾಸ್ತಿ ಗಾಳಿ ಹಾಕಿದರೆ ಕೈ ನೋಯುತ್ತದೆ, ಹಿಡಿತವೂ ಹೋಗುತ್ತದೆ. ಒಂದು ಟ್ಯೂಬ್ ಮಾತ್ರ ಚೀಲದಲ್ಲಿ ಇರಲೇಬೇಕು, ಫ್ಲಿಂಟ್ ಸೀಳಿದ ದೊಡ್ಡ ಗಾಯಕ್ಕೆ ಸೀಲೆಂಟ್ ಸಾಲುವುದಿಲ್ಲ. ಚಾಕ್ ಪೇಸ್ಟ್ ಬ್ರೇಕ್ ಪ್ಯಾಡನ್ನು ಬೇಗ ತಿನ್ನುತ್ತದೆ, ಹೊರಡುವ ಮುಂಚೆ ನೋಡಿಸಿ. ಒಣಗಿದರೆ ಅದು ಗಟ್ಟಿಯಾಗಿ ಕೂರುತ್ತದೆ, ಸಂಜೆಯೇ ನೀರು ಹಾಕಿ ತೊಳೆಯಿರಿ.

ದಾರಿಯಲ್ಲಿ ಕುದುರೆ ಕಂಡರೆ ದೂರದಿಂದಲೇ ಹಲೋ ಅನ್ನಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆಚ್ಚುವುದಿಲ್ಲ. ಸವಾರರು ಹೂಂ ಅಂದ ಮೇಲೆ ಅಗಲ ಬಿಟ್ಟು ನಿಧಾನ ದಾಟಿ. ಗೇಟು ಹೇಗಿತ್ತೋ ಹಾಗೇ ಬಿಡಿ. ಕರು ಜೊತೆಗಿರುವ ಹಸುಗಳ ನಡುವೆ ಹೋಗಬೇಡಿ, ನಮ್ಮೂರ ಹಸುಗಳ ಹಾಗೆ ಇವು ಜನಕ್ಕೆ ಹೊಂದಿಕೊಂಡಿರುವುದಿಲ್ಲ. ಉದ್ದ ಹುಲ್ಲಿನಲ್ಲಿ ಉಣ್ಣೆ ಹುಳು ಇರುತ್ತವೆ, ಲೈಮ್ ಕಾಯಿಲೆ ಹರಡುತ್ತವೆ. ರಾತ್ರಿ ಕಾಲು ನೋಡಿಕೊಳ್ಳಿ.

ಊಟದ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಳ್ಳಿ ಪಬ್‌ಗಳ ಅಡುಗೆಮನೆ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆವರೆಗೆ ಮುಚ್ಚಿರುವುದೇ ಹೆಚ್ಚು. ರಿಜ್‌ವೇ ಮೇಲೆ ಅಂಗಡಿಯೇ ಇಲ್ಲ. ಇಬ್ಬರಿಗೂ ತಲಾ ಎರಡು ಲೀಟರ್ ನೀರು, ಚಪಾತಿ ಸುರುಳಿ, ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ.

ಭಾವಮೈದುನನಿಗೆ ಸೈಕಲ್ ಬಾಡಿಗೆಗೆ ತರುವುದಾದರೆ ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲು ಜಾಸ್ತಿ ಇರುವುದನ್ನೇ ಕೇಳಿ, ಉದಾಹರಣೆಗೆ ಮುಂದೆ 40, ಹಿಂದೆ 42. ವಾಂಟೇಜ್‌ನಿಂದ ಬೆಳಿಗ್ಗೆ ಮತ್ತೆ ಬೆನ್ನೇರುವಾಗ ಅದು ಬೇಕಾಗುತ್ತದೆ. ಅವರು ಬಂದ ಮರುದಿನವೇ ಹೊರಡಬೇಡಿ. ನಡುವೆ ಒಂದು ದಿನ ಬಿಟ್ಟು, ರೆಡಿಂಗ್‌ನಿಂದ ಥೀಲ್‌ವರೆಗೆ ಟೋಪಾತ್ ಮೇಲೆ ಇಬ್ಬರೂ ಚೀಲ ಕಟ್ಟಿಕೊಂಡೇ ಹೋಗಿಬನ್ನಿ. ಸೀಟು ಎತ್ತರ ಸರಿಯಿಲ್ಲದಿದ್ದರೆ, ಚೀಲ ಚಕ್ರಕ್ಕೆ ಉಜ್ಜುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.